ರಾಟೆಯ ಮೂರು ನಾಲ್ಕು

ಪ್ರತಿ ವರ್ಷ ಛಂದಸ್ಸಿನ ಪಾಠ ಶುರುವಾದಾಗ ನಾನು ಪುಸ್ತಕ ತೆಗೆಯುವುದಿಲ್ಲ. ಹುಡುಗ ಹುಡುಗಿಯರಿಗೆ ಬೆಂಚಿನ ಮೇಲೆ ಬೆರಳು ಕುಟ್ಟಲು ಹೇಳುತ್ತೇನೆ. ಮೂರು, ನಾಲ್ಕು. ಮೂರು, ನಾಲ್ಕು. ಐದು ನಿಮಿಷದಲ್ಲಿ ಇಡೀ ತರಗತಿಗೆ ಭಾಮಿನಿ ಷಟ್ಪದಿಯ ನಡೆ ಹತ್ತುತ್ತದೆ. ಪಕ್ಕದ ಕೋಣೆಯ ಇತಿಹಾಸದವರು ಬಂದು, "ಮೇಡಂ, ಸ್ವಲ್ಪ ಸಾವಕಾಶ" ಎನ್ನುತ್ತಾರೆ. ಮಕ್ಕಳು ನಗುತ್ತಾರೆ. ಆ ನಗುವಿನ ನಡುವೆ ಯಾವುದಾದರೂ ಹುಡುಗಿ ಎದ್ದು ಕೇಳಿಯೇ ಕೇಳುತ್ತಾಳೆ: "ಮೇಡಂ, ಇದನ್ನ ನಿಮಗ ಯಾರು ಕಲಿಸಿದ್ರು?"

ನಾನು ಡಸ್ಟರ್ ಎತ್ತಿಕೊಂಡು ಹಲಗೆ ಒರೆಸುತ್ತೇನೆ. ಅಷ್ಟರಲ್ಲಿ ಪ್ರಶ್ನೆ ಹಳೆಯದಾಗುತ್ತದೆ. ದೊಡ್ಡವರ ಮುಂದೆಯೂ ಆ ಉತ್ತರವನ್ನು ನಾನು ಮೂರು ಸಲ ನುಂಗಿದ್ದೇನೆ. ಇವತ್ತು ಬರೆಯಲು ಕೂತಿದ್ದು ಯಾವ ದೊಡ್ಡತನಕ್ಕೂ ಅಲ್ಲ. ನುಂಗಿದ್ದು ಕರಗಲಿಲ್ಲ, ಅಷ್ಟೇ.

ನಮ್ಮದು ಇಳಕಲ್ಲಿನ ನೇಕಾರರ ಮನೆ. ಬಾಗಿಲು ದಾಟಿದರೆ ಮೊದಲು ಸಿಗುವುದು ಮಗ್ಗ, ಆಮೇಲೆ ಮನುಷ್ಯರು. ಅಪ್ಪ ಮಗ್ಗದ ಕುಣಿಯೊಳಗೆ ಕಾಲು ಇಳಿಬಿಟ್ಟು ಸೀರೆ ನೇಯುತ್ತಿದ್ದ. ಅಪ್ಪನ ಅಕ್ಕ, ನನ್ನ ಸೋದರತ್ತೆ, ಗೋಡೆಗೆ ಬೆನ್ನು ಕೊಟ್ಟು ರಾಟೆಯ ಮುಂದೆ ಕೂತು ಕಂಡಿಕೆ ಸುತ್ತುತ್ತಿದ್ದಳು. ಲಾಳಿಯೊಳಗೆ ಕೂರುವ ಆ ಬೆರಳುದ್ದದ ಕಡ್ಡಿಗೆ ನೂಲು ಸುತ್ತದಿದ್ದರೆ ಮಗ್ಗ ನಡೆಯದು. ಆದರೆ ಸೀರೆ ನೇಯ್ದವರು ಯಾರು ಎಂದು ಕೇಳಿದರೆ ಕಂಡಿಕೆ ಸುತ್ತಿದವಳ ಹೆಸರನ್ನು ಯಾರೂ ಹೇಳುವುದಿಲ್ಲ. ಅತ್ತೆ ಗಂಡ ಸತ್ತ ವರ್ಷವೇ ತವರಿಗೆ ಬಂದವಳು. ನಾನು ಹುಟ್ಟುವುದಕ್ಕೂ ಮುಂಚಿನ ಮಾತದು. ಸಾಲಿ ಕಲಿತದ್ದು ಮೂರನೇ ಇಯತ್ತೆಯವರೆಗೆ. ಬಸ್ಸಿನ ಬೋರ್ಡನ್ನು ಅಕ್ಷರ ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಬಸ್ಸು ಹುನಗುಂದದ ಹಾದಿ ಹಿಡಿದಿರುತ್ತಿತ್ತು.

ಆದರೆ ಆಕೆಗೆ ಒಂದು ಇಡೀ ಕಾವ್ಯ ಬಾಯಿಗೆ ಬರುತ್ತಿತ್ತು. ಆರು ಸಾಲಿನ ಪದ್ಯಗಳ ದೊಡ್ಡ ಯುದ್ಧದ ಕಥೆ. ನಮ್ಮ ಓಣಿಯಲ್ಲಿ ಅದಕ್ಕೆ ಪುರಾಣ ಎಂದಷ್ಟೇ ಹೆಸರು. ಶ್ರಾವಣ ಬಂದರೆ ನಮ್ಮ ಸಮಾಜದ ಗುಡಿಯಲ್ಲಿ ಪುರಾಣ ಹಚ್ಚುತ್ತಿದ್ದರು. ದೀಪ ಹಚ್ಚುವ ಹೊತ್ತಿಗೆ ಒಬ್ಬ ಅಜ್ಜ ಗಾದಿಯ ಮೇಲೆ ಕೂತು ರಾಗವಾಗಿ ಓದುವುದು, ನಿವೃತ್ತ ಮಾಸ್ತರರೊಬ್ಬರು ಅರ್ಥ ಹೇಳುವುದು. ಗಂಡಸರು ಮುಂದೆ, ಹೆಂಗಸರು ಕಂಬಗಳ ಹಿಂದೆ. ಆ ಕಂಬದ ಹಿಂದೆ ಮೂವತ್ತು ಶ್ರಾವಣ ಕೂತು ಅತ್ತೆ ಅದಷ್ಟನ್ನೂ ಕಿವಿಯಿಂದಲೇ ಎತ್ತಿಕೊಂಡಿದ್ದಳು. ಮರುದಿನ ರಾಟೆಯ ಮುಂದೆ ಕೂತರೆ ಹಿಂದಿನ ಸಂಜೆಯ ಪದ್ಯಗಳು ಒಂದೊಂದಾಗಿ ಹೊರಗೆ ಬರುತ್ತಿದ್ದವು. ಕೆಲವೊಮ್ಮೆ ತಾನೇ ನಿಂತು, "ನಿನ್ನೆ ಅಜ್ಜ ಇಲ್ಲೊಂದು ಎಳಿ ಬಿಟ್ಟ" ಎನ್ನುತ್ತಿದ್ದಳು. ಎಲ್ಲಿ, ಏನು ಎಂದು ಅಪ್ಪ ಕೇಳುತ್ತಿರಲಿಲ್ಲ. ಅವನಿಗೆ ಅವನ ಎಳೆಗಳೇ ಸಾಕಾಗಿದ್ದವು.

ತೊಂಬತ್ತರ ದಶಕದ ಕೊನೆಯಲ್ಲಿ ನಾನು ಹೈಸ್ಕೂಲಿನಲ್ಲಿದ್ದೆ. ಕನ್ನಡ ಸರ್ ಷಟ್ಪದಿ ಹೇಳಿಕೊಟ್ಟರು. ಲಘುವಿಗೆ ಒಂದು ಬಿಲ್ಲು, ಗುರುವಿಗೆ ಒಂದು ಗೆರೆ, ಒಟ್ಟು ಇಷ್ಟು ಮಾತ್ರೆ. ನನ್ನ ತಲೆಗೆ ಹೋಗಲಿಲ್ಲ. ನಾನು ಎಣಿಸಿದರೆ ಒಂದು ಸಾಲಿಗೆ ಹದಿಮೂರು ಬರುತ್ತಿತ್ತು, ಇನ್ನೊಂದಕ್ಕೆ ಹದಿನಾರು. ಮನೆಗೆ ಬಂದು ಪಾಟಿಚೀಲ ಒಗೆದು ಅತ್ತುಬಿಟ್ಟೆ. ಅತ್ತೆ ರಾಟೆ ನಿಲ್ಲಿಸಿ, "ಏನಾತವಾ? ಓದು ನೋಡೂಣು" ಎಂದಳು. ಮೊದಲ ಸಾಲು ಓದುವಷ್ಟರಲ್ಲಿ ಆಕೆಯ ಮುಖ ಅರಳಿತು. "ಅಯ್ಯ, ಇದಕ್ಕ ಅಳತೀಯಾ? ಬಾ, ಇಲ್ಲಿ ಕುಂದ್ರು. ನನ್ನ ಕೈ ನೋಡು."

ಆಕೆ ಪದ್ಯ ಹೇಳುತ್ತ ರಾಟೆ ತಿರುವಿದಳು. ಕೈ ಮೂರರ ಲೆಕ್ಕಕ್ಕೆ ಮೇಲೆ ಹೋಗುತ್ತಿತ್ತು, ನಾಲ್ಕರ ಲೆಕ್ಕಕ್ಕೆ ಕೆಳಗೆ ಬರುತ್ತಿತ್ತು. ಎರಡು ಸಲ ಹಾಗಾದರೆ ಒಂದು ಗಿಡ್ಡ ಸಾಲು. ಎರಡು ಗಿಡ್ಡ ಸಾಲು ಮುಗಿದ ಮೇಲೆ ಮೂರನೆಯ ಸಾಲು ಉದ್ದ. ಅಲ್ಲಿ ಕೈ ಮೂರು ಸಲ ಹೋಗಿ ಬಂದು, ಕಡೆಗೆ ಒಂದು ದೀರ್ಘದ ಮೇಲೆ ನಿಲ್ಲುತ್ತಿತ್ತು. ರಾಟೆಯೂ ನಿಲ್ಲುತ್ತಿತ್ತು. ಎರಡು ಬೆರಳ ನಡುವೆ ನೂಲು ಬಿಗಿಹಿಡಿದು, ಆ ದೀರ್ಘವನ್ನು ಎಳೆದು, ಉಸಿರು ತೆಗೆದುಕೊಂಡು ಮತ್ತೆ ನಾಲ್ಕನೆಯ ಸಾಲಿಗೆ ಹೊರಡುತ್ತಿದ್ದಳು. ಆರು ಸಾಲು ಮುಗಿಯುವಷ್ಟರಲ್ಲಿ ಕಂಡಿಕೆಯ ಹೊಟ್ಟೆ ಒಂದಿಷ್ಟು ದಪ್ಪಗಾಗಿರುತ್ತಿತ್ತು.

ಪ್ರಾಸವನ್ನೂ ಆಕೆಯೇ ಹೇಳಿದಳು. "ಮೊದಲನೇ ಸಾಲಿನ್ಯಾಗ ಎರಡನೇ ಸಪ್ಪಳ ಯಾವುದೈತಿ, ಆರೂ ಸಾಲಿನ್ಯಾಗ ಅಲ್ಲೇ ಬರಬೇಕದು. ಸೀರಿ ದಡಿ ಇದ್ಹಾಂಗ. ಮೈ ಬಣ್ಣ ನೀ ಹ್ಯಾಂಗರ ಮಾಡು, ದಡಿ ನಡುವ ಬದಲಾಗಬಾರದು." ನಾನು ಪುಸ್ತಕದಲ್ಲಿ ನೋಡಿದೆ. ಆರು ಸಾಲಿನ ಎರಡನೆಯ ಅಕ್ಷರಗಳು ಒಂದರ ಕೆಳಗೊಂದು ನೆಟ್ಟಗೆ ನಿಂತಿದ್ದವು. ಅಷ್ಟು ದಿನ ಸರ್ ಅದನ್ನೇ ಹೇಳಿದ್ದರು, ನನಗೆ ಕಂಡಿರಲಿಲ್ಲ.

ಮರುದಿನ ಸರ್ ಹಲಗೆಯ ಮೇಲೆ ಪದ್ಯ ಬರೆದು ಕರೆದಾಗ ನಾನು ಒಂದೂ ತಪ್ಪಿಲ್ಲದೆ ಬಿಡಿಸಿದೆ. ಅವರಿಗೆ ಆಶ್ಚರ್ಯವಾಯಿತು. "ಯಾರ ಹತ್ರ ಕಲಿತಿ?" ಎಂದರು. ಮುಂದಿನ ಬೆಂಚಿನಲ್ಲಿ ಡಾಕ್ಟರರ ಮಗಳು, ವಕೀಲರ ಮಗಳು ಕೂತಿದ್ದರು. ಕಂಡಿಕೆ ಸುತ್ತುವ ಅತ್ತೆ ಎಂದು ಹೇಗೆ ಹೇಳುವುದು? "ಗೈಡ್ ನೋಡಿ ಓದೇನ್ರಿ ಸರ್" ಎಂದೆ. ಮೊದಲನೆಯ ಸಲ ನುಂಗಿದ್ದು ಅದು. ಹದಿನೈದರ ಹುಡುಗಿ ಎಂದು ಅದೊಂದನ್ನು ಬಿಟ್ಟುಬಿಡಬಹುದು. ಮುಂದಿನದಕ್ಕೆ ಆ ನೆವ ಇಲ್ಲ.

ಹುನಗುಂದದಲ್ಲಿ ಬಿ.ಎ. ಮಾಡಿ, ಧಾರವಾಡದಲ್ಲಿ ಎಂ.ಎ. ಮುಗಿಸಿ, ಬಾಗಲಕೋಟೆಯ ಒಂದು ಕಾಲೇಜಿಗೆ ಕನ್ನಡ ಕಲಿಸಲು ಸೇರಿಕೊಂಡೆ. ಹಳೇ ಊರು ಅಣೆಕಟ್ಟಿನ ಹಿನ್ನೀರಿಗೆ ಖಾಲಿಯಾಗುತ್ತಿದ್ದ ಕಾಲ. ನವನಗರದಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದೆ. ಶನಿವಾರ ಮಧ್ಯಾಹ್ನ ಬಸ್ಸು ಹತ್ತಿ ಕಮತಗಿ, ಹುನಗುಂದ ದಾಟಿ ಮನೆಗೆ ಬರುತ್ತಿದ್ದೆ. ಬಂದರೆ ಓಣಿಯವರು "ಪ್ರೊಫೆಸರ್ ಬಂದ್ರು" ಎನ್ನುತ್ತಿದ್ದರು. ಚೇಷ್ಟೆಯೋ ಗೌರವವೋ, ನನಗೆ ಹಿತವಾಗಿಯೇ ಇತ್ತು. ಆಗಲೇ ನನ್ನ ಮಾತು ಬದಲಾಗಿತ್ತು. ಮನೆಯಲ್ಲೂ ಒಮ್ಮೊಮ್ಮೆ 'ಬರ್ತೇನೆ', 'ಹೋಗ್ತೇನೆ' ಎನ್ನುತ್ತಿದ್ದೆ. ಅಪ್ಪ ಲಾಳಿ ಕೈಯಲ್ಲಿ ಹಿಡಿದು, "ಯಾರ ಜೋಡಿ ಮಾತಾಡಾಕತ್ತಿ?" ಎಂದು ಸುತ್ತ ನೋಡುತ್ತಿದ್ದ.

ನಾನು ಸೇರಿದ ಎರಡನೆಯದೋ ಮೂರನೆಯದೋ ವರ್ಷದ ಶ್ರಾವಣದಲ್ಲಿ ಪುರಾಣ ಓದುವ ಅಜ್ಜನ ಗಂಟಲು ಕೂತುಬಿಟ್ಟಿತು. ಡಾಕ್ಟರು ತಿಂಗಳೊಪ್ಪತ್ತು ದನಿ ಎತ್ತಬಾರದೆಂದರು. ಪುರಾಣ ಮುಗಿಯಲು ಒಂದು ಸಂಧಿ ಮಾತ್ರ ಉಳಿದಿತ್ತು. ಯುದ್ಧ ಮುಗಿದ ಬಯಲಿಗೆ ಹೆಂಗಸರು ಬಂದು, ತಮ್ಮ ತಮ್ಮವರ ಹೆಣ ಹುಡುಕಿ ಅಳುವ ಭಾಗ. ಹಚ್ಚಿದ ಪುರಾಣವನ್ನು ಅರ್ಧಕ್ಕೆ ಬಿಡುವಂತಿರಲಿಲ್ಲ. ಬರುವ ಸೋಮವಾರ ಯಾರಾದರೂ ಓದಲೇಬೇಕಿತ್ತು.

ಆ ಶನಿವಾರ ನಾನು ಊರಿಗೆ ಬಂದಾಗ ಅತ್ತೆ ಒಲೆಯ ಮುಂದೆ ಇದ್ದಳು. ನಾನು ಕೈಕಾಲು ತೊಳೆಯುವವರೆಗೂ ಕಾಯದೆ ಹತ್ತಿರ ಬಂದಳು. ಆಕೆ ನನ್ನ ಹತ್ತಿರ ಏನನ್ನಾದರೂ ಕೇಳಿದ್ದು ಜನ್ಮದಲ್ಲಿ ಅದೊಂದೇ ಸಲ.

"ಯವ್ವಾ, ಹಿರ್ಯಾರು ನಿನ್ನ ಮಾತು ಕೇಳತಾರ. ಆ ಅಳೂ ಸಂಧಿ ಒಂದನ್ನ ನಾ ಓದತೇನಿ ಅಂತ ಹೇಳತೀಯೇನು? ಪುಸ್ತಕ ನೋಡೂದೂ ಬ್ಯಾಡ ನನಗ."

"ಹೆಂಗಸರು ಯಾರೂ ಓದಿಲ್ಲಲ್ಲ ಅತ್ತಿ" ಎಂದೆ.

"ಅದಕ್ಕ ಕೇಳಾಕತ್ತೇನಿ. ಮೂವತ್ತು ವರ್ಷಾತು, ಗಂಡಸರು ಓದತಾರ. ಅವರು ಅಳೂದನ್ನ ಓದತಾರವ್ವಾ, ಅಳಾಂಗಿಲ್ಲ."

ನಾನು "ನೋಡೂಣು" ಎಂದೆ. ಆಕೆ ಅದನ್ನು ಹೂಂ ಎಂದೇ ತಿಳಿದಳು. ಸ್ವಲ್ಪ ಹೊತ್ತಿಗೆ ಟ್ರಂಕಿನಿಂದ ಒಂದು ಸೀರೆ ತೆಗೆದು ಹಗ್ಗದ ಮೇಲೆ ಗಾಳಿಗೆ ಹಾಕಿದ್ದನ್ನು ಕಂಡೆ. ಅಪ್ಪ ಆಕೆಗೆಂದೇ ನೇಯ್ದು ಕೊಟ್ಟಿದ್ದ ಸೀರೆ ಅದು. ಉಟ್ಟಿದ್ದನ್ನು ನಾನು ಎಂದೂ ನೋಡಿರಲಿಲ್ಲ.

ಸಂಜೆ ಸಮಾಜದ ಹಿರಿಯರೊಬ್ಬರು ನಮ್ಮ ಮನೆಗೆ ಬಂದರು. ನಾನು ಅವರನ್ನು ಕಾಕಾ ಎನ್ನುತ್ತಿದ್ದೆ. ಅವರು ಹಳೇ ಕಾಲದವರು, ಒಪ್ಪುವುದಿಲ್ಲ, ಆಗ ತಪ್ಪು ನನ್ನದಾಗುವುದಿಲ್ಲ ಎಂದು ಲೆಕ್ಕ ಹಾಕಿದ್ದೆ. ಲೆಕ್ಕ ತಪ್ಪಿತು. ಮಗ್ಗದ ಪಕ್ಕದ ಚಾಪೆಯ ಮೇಲೆ ಕೂತವರೇ ಅವರಾಗಿ ಕೇಳಿದರು.

"ನಿಮ್ಮ ಅತ್ತಿಗೆ ಪುರಾಣ ಬಾಯಿಪಾಠ ಐತಿ ಅಂತಾರಲ್ಲವಾ. ಆಕಿ ಓದಿದ್ರ ಹ್ಯಾಂಗ? ಹೆಂಗಸರ ಅಳೂ ಸಂಧಿ, ಹೆಣ್ಣುಮಗಳು ಓದಿದ್ರ ಯಾರೂ ಬ್ಯಾಡ ಅನ್ನಾಂಗಿಲ್ಲ. ನೀ ಕಲಿತಾಕಿ, ನೀ ಹೇಳು."

ಬಾಗಿಲು ತಾನಾಗಿಯೇ ತೆರೆದಿತ್ತು. ನಾನು ಹೂಂ ಎಂದರೆ ಸಾಕಿತ್ತು.

ಆದರೆ ಸೋಮವಾರದ ಪುರಾಣಕ್ಕೆ ನಾನು ನಮ್ಮ ಕಾಲೇಜಿನ ಇಬ್ಬರನ್ನು ಕರೆದಿದ್ದೆ. ಒಬ್ಬರು ಮೈಸೂರು ಕಡೆಯವರು, ಅವರ ಕನ್ನಡ ನೀರಿನಂತೆ ತಿಳಿ. ಅವರ ಮುಂದೆ ನಮ್ಮತ್ತೆ ಗಾದಿ ಏರಿ, 'ಧರ್ಮ'ವನ್ನು 'ದರ್ಮ' ಎನ್ನುವುದು, 'ಭೂಮಿ'ಯನ್ನು 'ಬೂಮಿ' ಮಾಡುವುದು, ಎಲೆಯಡಿಕೆಯ ಕೆಂಪು ಹಲ್ಲು, ರಾಟೆ ತಿರುವುವ ಹಾಗೆ ಗಾಳಿಯಲ್ಲಿ ಆಡುವ ಕೈ, ಎಲ್ಲ ಕಣ್ಣ ಮುಂದೆ ಬಂತು. ಮಹಾಪ್ರಾಣ ಬಿಟ್ಟರೆ ಮಾತ್ರೆ ಒಂದೂ ಕಡಿಮೆಯಾಗುವುದಿಲ್ಲ. ಅದು ನನಗೆ ಚೆನ್ನಾಗಿ ಗೊತ್ತಿತ್ತು. ಗೊತ್ತಿದ್ದೂ ನಾಚಿಕೆಯಾಯಿತು. ಅದಕ್ಕಿಂತ ಕೀಳಾದ ಇನ್ನೊಂದು ಆಸೆಯೂ ಇತ್ತು, ಅದನ್ನೂ ಬರೆದುಬಿಡುತ್ತೇನೆ. ಆ ಗಾದಿಯ ಮೇಲೆ ಮೊದಲು ಕೂತ ಹೆಣ್ಣು ನಾನಾಗಬೇಕಿತ್ತು.

"ಬಾಯಿಪಾಠ ಇದ್ರ ಆತೇನ್ರಿ ಕಾಕಾ?" ಎಂದೆ. "ಆಕಿಗೆ ಛಂದಸ್ಸು ತಿಳ್ಯಾಂಗಿಲ್ಲ. ನಾ ಓದತೇನಿ."

ಹೇಳಿ ಮುಗಿಸಿದಾಗ ಅತ್ತೆ ಒಳಬಾಗಿಲಲ್ಲಿ ಚಹಾದ ತಾಟು ಹಿಡಿದು ನಿಂತಿದ್ದಳು. ಮೊದಲು ಕಾಕಾನಿಗೆ ಕೊಟ್ಟಳು, ಆಮೇಲೆ ಅಪ್ಪನಿಗೆ, ಆಮೇಲೆ ನನಗೆ. ನನ್ನ ಕಪ್ಪಿನಲ್ಲಿ ಎಂದಿನಂತೆ ಸಕ್ಕರೆ ಹೆಚ್ಚಿತ್ತು. ಮರುದಿನ ಹಗ್ಗದ ಮೇಲಿದ್ದ ಸೀರೆ ಮಡಿಕೆಯಾಗಿ ಮತ್ತೆ ಟ್ರಂಕು ಸೇರಿತ್ತು.

ನಾನು ಎರಡು ದಿನ ತಯಾರಿ ಮಾಡಿದೆ. ಪುಸ್ತಕದ ತುಂಬ ಪೆನ್ಸಿಲಿನಿಂದ ಬಿಲ್ಲು, ಗೆರೆ. ಪ್ರತಿ ಶಬ್ದಕ್ಕೂ ಅರ್ಥ. ಕವಿ ಎಲ್ಲೆಲ್ಲಿ ಮೆತ್ತಗಿನ ಅಕ್ಷರ ತರುತ್ತಾನೆ, ಎಲ್ಲೆಲ್ಲಿ ಒತ್ತಕ್ಷರ ಕಟೆಯುತ್ತಾನೆ ಎಂದು ಒಂದು ಪುಟ ಟಿಪ್ಪಣಿ. ಯುದ್ಧದ ಸಂಧಿಗಳಲ್ಲಿ ಕಟಕಟ ಎನ್ನುವ ಅದೇ ಮೂರು ನಾಲ್ಕು, ಹೆಂಗಸರು ಅಳುವಲ್ಲಿ ಕಾಲೆಳೆದುಕೊಂಡು ನಡೆಯುತ್ತದೆ ಎಂದೂ ಬರೆದುಕೊಂಡೆ. ಎಷ್ಟು ತಿಳಿವಳಿಕೆ!

ಸೋಮವಾರ ಸಂಜೆ ಗಾದಿಯ ಮೇಲೆ ಕೂತೆ. ಮುಂದೆ ಪುಸ್ತಕದ ಪೀಠ, ಸಮೆಯ ದೀಪ, ಊದಿನಕಡ್ಡಿ. ನನ್ನ ಇಬ್ಬರು ಅತಿಥಿಗಳು ಮುಂದಿನ ಸಾಲಿನಲ್ಲಿ. ಮೊದಲ ಪದ್ಯ ಹೇಗೋ ಸಾಗಿತು. ಎರಡನೆಯದರಲ್ಲಿ ಎಡವಿದೆ. ತರಗತಿಯಲ್ಲಿ ಪಾಠ ಹೇಳಿ ಹೇಳಿ ನನಗೆ ಶಬ್ದ ಬಿಡಿಸಿ ಓದುವ ರೂಢಿ. ಈ ಪದ್ಯಗಳಲ್ಲಿ ಶಬ್ದ ಒಂದು ಗಣದಲ್ಲಿ ಹುಟ್ಟಿ ಮುಂದಿನ ಗಣದಲ್ಲಿ ಮುಗಿಯುತ್ತದೆ. ಅರ್ಥಕ್ಕೆಂದು ನಾನು ನಿಂತಲ್ಲೆಲ್ಲ ತಾಳ ತಪ್ಪಿತು. ತಾಳ ಹಿಡಿಯಲು ಹೋದರೆ ರಾಗ ಬಿಟ್ಟುಹೋಯಿತು. ಮೂರನೆಯ ಸಾಲಿನ ಕೊನೆಗೆ ಉಸಿರೇ ಉಳಿಯಲಿಲ್ಲ. ಎಣಿಸಿದರೆ ಎಲ್ಲ ಸರಿ, ಕೇಳಿದರೆ ಪಂಚಾಯ್ತಿಯ ನೋಟೀಸು. ಅರ್ಥ ಹೇಳುವ ಮಾಸ್ತರರು ಕೆಮ್ಮಿದರು. ಹಿಂದೆ ಕೂತ ಗಂಡಸರು ಮೊಣಕಾಲು ಬದಲಿಸಿದರು. ಒಬ್ಬರಂತೂ ಎದ್ದು ಚಪ್ಪಲಿ ಹುಡುಕತೊಡಗಿದರು.

ಆಗ ಕಂಬದ ಹಿಂದಿನಿಂದ ಒಂದು ಸಣ್ಣ ಸಪ್ಪಳ ಬಂತು. ಯಾರೋ ಬೆರಳ ಗಿಣ್ಣಿನಿಂದ ನೆಲ ಕುಟ್ಟುತ್ತಿದ್ದರು. ಮೂರು, ನಾಲ್ಕು. ಮೂರು, ನಾಲ್ಕು.

ನಾನು ತಲೆ ಎತ್ತಲಿಲ್ಲ. ನೋಡುವ ಅಗತ್ಯ ಇರಲಿಲ್ಲ. ಪೆನ್ಸಿಲಿನ ಗುರುತು ನೋಡುವುದನ್ನು ಬಿಟ್ಟು ಆ ಸಪ್ಪಳದ ಬೆನ್ನು ಹತ್ತಿದೆ. ಗಿಡ್ಡ ಸಾಲು, ಗಿಡ್ಡ ಸಾಲು, ಉದ್ದ ಸಾಲು. ಉದ್ದ ಸಾಲಿನ ಕೊನೆಗೆ ಸಪ್ಪಳ ನಿಂತಿತು, ನಾನೂ ದೀರ್ಘ ಎಳೆದು ಉಸಿರು ತೆಗೆದುಕೊಂಡೆ. ಮತ್ತೆ ಶುರುವಾಯಿತು, ನಾನೂ ಹೊರಟೆ. ಹತ್ತು ಪದ್ಯ ದಾಟುವಷ್ಟರಲ್ಲಿ ಗುಡಿ ಗಪ್ಪಾಗಿತ್ತು. ಚಪ್ಪಲಿ ಹುಡುಕಿದವರು ಬಂದು ಕೂತರು. ಒಂದು ಕಡೆ ಬೆವರಿನ ಕೈಗೆ ಎರಡು ಹಾಳೆ ಅಂಟಿಕೊಂಡು ಒಟ್ಟಿಗೆ ತಿರುವಿಬಿಟ್ಟೆ, ಮುಂದಿನ ಪದ್ಯ ಸಿಗದೆ ನಿಂತೆ. ಕಂಬದ ಹಿಂದಿನಿಂದ ಆ ಪದ್ಯದ ಮೊದಲ ಅರ್ಧ ಸಾಲು ಮೆಲ್ಲಗೆ ಬಂತು, ಮಗುವನ್ನು ಎಬ್ಬಿಸುವಷ್ಟು ಸಣ್ಣ ದನಿಯಲ್ಲಿ. ಉಳಿದರ್ಧ ನಾನು ಹೇಳಿದೆ. ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಮಂಗಳಾರತಿಯಾದ ಮೇಲೆ ನನಗೆ ಶಾಲು ಹೊದಿಸಿದರು, ತೆಂಗಿನಕಾಯಿ ಕೊಟ್ಟರು, ಕುಬಸಕ್ಕೆ ಗುಳೇದಗುಡ್ಡದ ಖಣ ಕೊಟ್ಟರು. ಕಾಕಾ ಎಲ್ಲರೆದುರು, "ಓದಿದ್ರ ಹಿಂಗ ಓದಬೇಕು. ಕಲಿತಾಕಿ ಬಾಯಾಗ ಪುರಾಣಕ್ಕೂ ಒಂದು ಕಳೆ ಬಂತು" ಎಂದರು. ಮೈಸೂರಿನವರು, "ಎಂಥ ಲಯ ಮೇಡಂ ನಿಮ್ಮದು! ಯಾರಲ್ಲಿ ಅಭ್ಯಾಸ ಮಾಡಿದ್ರಿ?" ಎಂದರು. ಕಂಬ ಹತ್ತು ಹೆಜ್ಜೆ ದೂರ ಇತ್ತು. ಅತ್ತೆ ಅದಕ್ಕೆ ಆತುಕೊಂಡು ನಿಂತು ನನ್ನನ್ನೇ ನೋಡುತ್ತಿದ್ದಳು, ಮುಖದ ತುಂಬ ಖುಷಿ. ನಾನು ಕೈಮುಗಿದು, "ಹೀಗೇ, ಚಿಕ್ಕಂದಿನಿಂದ" ಎಂದೆ. ಅದು ಮೂರನೆಯ ಸಲ.

ಮನೆಗೆ ಬಂದು ಊಟಕ್ಕೆ ಕೂತಾಗ ಅತ್ತೆ ರೊಟ್ಟಿ ಹಾಕುತ್ತ, "ಮೊದಲಿಗೆ ಉಸುರು ಕಟ್ಟಿತಲ್ಲವಾ ನಿನಗ. ಮೂರನೇ ಸಾಲಿನ ಕಡೀಕ ಅವಸರ ಮಾಡಬಾರದು" ಎಂದಳು. ನಾನು ತಲೆಬಗ್ಗಿಸಿ ಉಣ್ಣುತ್ತಿದ್ದೆ. ಇನ್ನೊಂದು ರೊಟ್ಟಿ ಹಾಕಿ, "ಯವ್ವಾ, ಛಂದಸ್ಸು ಅಂದ್ರೇನು? ಅದನ್ನ ಒಂದಿನ ನಂಗೂ ಕಲಿಸು" ಎಂದಳು. ಚುಚ್ಚಿ ಹೇಳಿದಳೋ ಎಂದು ಮುಖ ನೋಡಿದೆ. ಚುಚ್ಚುವ ಮುಖವಾಗಿರಲಿಲ್ಲ ಅದು. ಚುಚ್ಚಿದ್ದರೆ ನನಗೆ ಸುಖವಿತ್ತು. "ಹೂಂ, ಕಲಿಸತೇನಿ" ಎಂದು ಕೈ ತೊಳೆದೆ.

ಮುಂದಿನದನ್ನು ಇಲ್ಲೇ ಹೇಳಿ ಮುಗಿಸುತ್ತೇನೆ. ಅತ್ತೆ ಆ ಗಾದಿಯ ಮೇಲೆ ಒಮ್ಮೆಯೂ ಕೂರಲಿಲ್ಲ. ಮರುವರ್ಷ ಅಜ್ಜನ ಗಂಟಲು ಸರಿಯಾಯಿತು. ಆಮೇಲೆ ಅಜ್ಜನೂ ತೀರಿಕೊಂಡ ಮೇಲೆ ಯಾರೋ ಪುರಾಣದ ಸಿ.ಡಿ. ತಂದರು, ಮೈಕಿನ ಮುಂದೆ ಅದನ್ನೇ ಹಚ್ಚಿದರು. ಓಣಿಯಲ್ಲಿ ಪಾವರ್‌ಲೂಮುಗಳು ಹೆಚ್ಚಾಗಿ ಹಗಲಿಡೀ ಒಬ್ಬರ ಮಾತು ಇನ್ನೊಬ್ಬರಿಗೆ ಕೇಳದಂತಾಯಿತು. ಅತ್ತೆ ರಾಟೆಯ ಮುಂದೆ ಹೇಳುತ್ತಿದ್ದಳೋ ಇಲ್ಲವೋ, ಬಾಯಿ ಆಡುವುದು ಮಾತ್ರ ಕಾಣುತ್ತಿತ್ತು. ನಾನು ಬಾದಾಮಿಗೆ, ಐಹೊಳೆಗೆ ವಿದ್ಯಾರ್ಥಿಗಳನ್ನು ಕರೆದುಕೊಂಡು ಹೋದಾಗಲೆಲ್ಲ ಗುಹೆಯ ಮೆಟ್ಟಿಲ ಮೇಲೆ ಕೂರಿಸಿ, ಕಲ್ಲಿನ ಮೇಲೆ ಮೂರು ನಾಲ್ಕು ಕುಟ್ಟಿಸುತ್ತಿದ್ದೆ. ಒಳ್ಳೆಯ ಮೇಡಂ ಎಂದು ಹೆಸರು ಬಂತು.

ಆಕೆಗೆ ಛಂದಸ್ಸು ಕಲಿಸಿದ್ದು ಮಾತ್ರ ಹೇಳದೆ ಮುಗಿಯುವುದಿಲ್ಲ. ಆ ಶ್ರಾವಣದ ಮುಂದಿನ ದೀಪಾವಳಿ ರಜೆ. ನಾನು ಮರೆತಂತೆ ನಟಿಸುತ್ತಿದ್ದೆ. ಆಕೆ ಮರೆತಿರಲಿಲ್ಲ. ಒಂದು ಮಧ್ಯಾಹ್ನ ಮುಗಿದ ತಿಂಗಳ ಕ್ಯಾಲೆಂಡರಿನ ಹಾಳೆ ಹರಿದು, ನನ್ನ ಚೀಲದಿಂದ ಪೆನ್ಸಿಲ್ ತಂದು, ಎರಡನ್ನೂ ನನ್ನ ಮುಂದಿಟ್ಟು ಕೂತಳು. ಮೂರನೇ ಇಯತ್ತೆಯ ಹುಡುಗಿ ಕೂತ ಹಾಗೆ, ಕೈ ಮಡಿಲಲ್ಲಿ ಇಟ್ಟುಕೊಂಡು.

ನಾನು ಹಾಳೆಯ ಹಿಂಬದಿಗೆ ಆ ಅಳುವ ಸಂಧಿಯ ಒಂದು ಪದ್ಯ ಬರೆದೆ. "ಇದು ಗಿಡ್ಡ, ಒಂದು ಮಾತ್ರೆ. ಇದು ಉದ್ದ, ಎರಡು" ಎನ್ನುತ್ತ ಅಕ್ಷರಗಳ ಮೇಲೆ ಬಿಲ್ಲು, ಗೆರೆ ಹಾಕುತ್ತ ಹೋದೆ. ಮೂರು ಮಾತ್ರೆಗೆ ಒಂದು ಅಡ್ಡಗೆರೆ, ನಾಲ್ಕಕ್ಕೆ ಇನ್ನೊಂದು. ಆಕೆ ಅಕ್ಷರ ಕೂಡಿಸಿ ಓದುತ್ತ ಹಿಂದೆ ಹಿಂದೆ ಬಂದಳು. ಎರಡನೆಯ ಸಾಲಿಗೆ ಆಕೆಯ ಬಲಗೈ ಮೊಣಕಾಲ ಮೇಲೆ ತಿರುಗತೊಡಗಿತು. ಮೂರನೆಯ ಸಾಲಿನ ಕೊನೆಯ ದೀರ್ಘಕ್ಕೆ ನಾನು ಗೆರೆ ಎಳೆಯುವ ಮೊದಲೇ ಕೈ ಗಾಳಿಯಲ್ಲಿ ನಿಂತಿತು. ಎರಡು ಬೆರಳು ಇಲ್ಲದ ನೂಲನ್ನು ಬಿಗಿಯಾಗಿ ಹಿಡಿದಿದ್ದವು.

ಆಕೆ ಹಾಳೆ ನೋಡಿದಳು, ತನ್ನ ಕೈ ನೋಡಿದಳು, ಆಮೇಲೆ ನನ್ನನ್ನು ನೋಡಿದಳು.

"ಅವತ್ತ ಕಾಕಾನ ಮುಂದ ನಂಗ ತಿಳ್ಯಾಂಗಿಲ್ಲ ಅಂದೆಲ್ಲ, ಅದು ಇದ ಏನವಾ?"

"ಹೂಂ, ಅತ್ತಿ."

ಸಿಟ್ಟು ಮಾಡಲಿಲ್ಲ. ಅಳಲೂ ಇಲ್ಲ. ಹಾಳೆಯನ್ನು ಮಡಿಸಿ, ಪೆನ್ಸಿಲನ್ನು ಅದರ ಮೇಲಿಟ್ಟು, ನನ್ನ ಕಡೆಗೆ ಸರಿಸಿದಳು.

"ಇದು ನಂಗ ಬರತಿತ್ತಲ್ಲ" ಎಂದಳು. "ಬ್ಯಾರೆ ಏನೋ ದೊಡ್ಡದಿರಬೇಕು ಅಂತ ತಿಳಕೊಂಡು ನಾ ಸುಮ್ಮನಾದೆ ನೋಡವಾ."